ಅದು ಕೋಟೆಯಲ್ಲ, ಪೌಳಿ

ಕೇಳುಗರಿಗೆ ನಮಸ್ಕಾರ. ರೋಮನ್ನರ ಕಾಲದ ಬ್ರಿಟನ್ ಎಂದ ಕೂಡಲೇ ನಿಮ್ಮ ಕಣ್ಣ ಮುಂದೆ ಶಿರಸ್ತ್ರಾಣ ತೊಟ್ಟ ಸಿಪಾಯಿಗಳು, ಸ್ನಾನಗೃಹಗಳು, ನೂಲು ಹಿಡಿದಂಥ ರಸ್ತೆಗಳು ಬಂದು ನಿಲ್ಲುತ್ತವೆ. ದಯವಿಟ್ಟು ಸ್ವಲ್ಪ ಹೊತ್ತು ಅವನ್ನೆಲ್ಲ ಬದಿಗಿಡಿ. ಆ ನಾಡಿನ ಬಹುಪಾಲು ಜನ ಒಕ್ಕಲುಮಕ್ಕಳು. ಪಶ್ಚಿಮದಲ್ಲೂ ಉತ್ತರದಲ್ಲೂ ಎಷ್ಟೋ ಕುಟುಂಬಗಳು ಮನೆ, ಕೊಟ್ಟಿಗೆಗಳ ಸುತ್ತ ಗೋಡೆ ಎಬ್ಬಿಸಿಕೊಂಡು ಬಾಳಿದವು. ಆ ಗೋಡೆ ಕೋಟೆಯಲ್ಲ, ಮನೆಯ ಪೌಳಿ. ಇಷ್ಟು ನೆನಪಿಟ್ಟುಕೊಂಡರೆ ನನಗೆ ಸಾಕು.

ವೇಲ್ಸ್‌ನ ಆಂಗಲ್‌ಸೀ ದ್ವೀಪದಲ್ಲಿ ಡಿನ್ ಲಿಗ್ವಿ ಎಂಬ ಜಾಗವಿದೆ, ಇಂಥದೇ ಒಂದು ಪೌಳಿ ಮನೆಯ ಪಾಳು. ನಾನು ಅಲ್ಲಿಗೆ ಹೋದಾಗ ಜೊತೆಯಲ್ಲಿ ನಿವೃತ್ತ ಎಂಜಿನಿಯರ್ ಒಬ್ಬರಿದ್ದರು. ಮರಗಳ ನಡುವಿನ ಆ ಐದು ಮೂಲೆಯ ಆವರಣ ಕಂಡದ್ದೇ ತಡ, 'ಕಾವಲುಗೋಪುರ ಎಲ್ಲಿ?' ಎಂದರು. ಗೋಪುರವಿಲ್ಲ ಎಂದೆ. ನಂಬಲಿಲ್ಲ. ಗೋಡೆಗುಂಟ ಒಂದು ಸುತ್ತು ಹಾಕಿ ಬಂದರು. ಒಳಗೊಂದು ಹೊರಗೊಂದು ಸಾಲು ಸುಣ್ಣಕಲ್ಲಿನ ಚಪ್ಪಡಿ ನಿಲ್ಲಿಸಿ ನಡುವೆ ಜಲ್ಲಿ ತುಂಬಿದ ಗೋಡೆ ಅದು. ಕೈಯಿಂದ ತಟ್ಟಿ ನೋಡಿ, 'ಕೆಲಸಗಾರರು ಗಟ್ಟಿಗರು' ಎಂದು ಒಪ್ಪಿದರು. ಆದರೂ 'ಸೈನ್ಯ ಎಲ್ಲಿತ್ತು?' ಎಂಬ ಪ್ರಶ್ನೆ ಬಿಡಲಿಲ್ಲ! ಕೊನೆಗೆ ಅವರನ್ನು ಚೌಕದ ಕಟ್ಟಡವೊಂದಕ್ಕೆ ಕರೆದೊಯ್ದು, ಇಲ್ಲಿ ಕುಲುಮೆ ಇತ್ತು, ಕಬ್ಬಿಣದ ಕಿಟ್ಟ ಸಿಕ್ಕಿದೆ ಎಂದೆ. ಆಗ ಮುಖ ಅರಳಿತು. 'ಕಮ್ಮಾರಸಾಲೆ ಎಂದು ಮೊದಲೇ ಹೇಳಬಾರದಿತ್ತೇ?' ಎಂದು ನನ್ನನ್ನೇ ದಬಾಯಿಸಿದರು.

1905ರಿಂದ 1907ರವರೆಗಿನ ಉತ್ಖನನದಲ್ಲಿ ಅಲ್ಲಿ ರೋಮನ್ ನಾಣ್ಯ, ಮಡಕೆ, ಗಾಜು, ಒಂದು ಬೆಳ್ಳಿಯ ಗಟ್ಟಿಯೂ ದೊರೆತವು. ನೋಡಿ, ಕ್ರಿ.ಶ. 60ರ ಸುಮಾರಿಗೆ ರೋಮ್ ಸೇನೆ ಇದೇ ದ್ವೀಪಕ್ಕೆ ನುಗ್ಗಿ ಅಲ್ಲಿನ ಪವಿತ್ರ ಬನಗಳನ್ನು ಕಡಿದಿತ್ತು. ನಾಲ್ಕನೆಯ ಶತಮಾನದ ಹೊತ್ತಿಗೆ ಅಲ್ಲಿನವರು ರೋಮಿನ ಮಡಕೆಯಲ್ಲಿ ಉಣ್ಣುತ್ತಿದ್ದರು, ಮಲಗಲು ಮಾತ್ರ ತಮ್ಮ ದುಂಡು ಮನೆಗೇ ಹೋಗುತ್ತಿದ್ದರು. ಸರಕು ಬೇಕು, ಸಂಸಾರದ ರೀತಿ ತಮ್ಮದೇ! ಇದನ್ನು ಸೋಲು ಎನ್ನುವ ವಿದ್ವಾಂಸರ ಮೇಲೆ ನನಗೆ ತುಸು ಸಿಟ್ಟಿದೆ.

ಸಮಯ ಮುಗಿಯುತ್ತಿದೆ ಎಂದು ಸನ್ನೆ ಬರುತ್ತಿದೆ. ವೇಲ್ಸ್‌ನದೇ ಟ್ರೆರ್ ಕೇರಿ ಬೆಟ್ಟದ ಮೇಲೆ ಸುಮಾರು 150 ಕಲ್ಲುಮನೆಗಳಿವೆ, ರೋಮನ್ನರ ಕಾಲದಲ್ಲೂ ಅಲ್ಲಿ ಒಲೆ ಉರಿಯುತ್ತಿತ್ತು. ಅಲ್ಲಿನದು ನಿಜಕ್ಕೂ ಕೋಟೆಗೋಡೆ, ಅದರ ಮಾತು ಬೇರೆ. ಉತ್ತರದ ಮಿಲ್ಕಿಂಗ್ ಗ್ಯಾಪ್‌ನ ಪೌಳಿ ಮನೆ ಇರುವುದು ರೋಮ್ ಚಕ್ರವರ್ತಿ ಹೇಡ್ರಿಯನ್ ಕ್ರಿ.ಶ. 122ರಲ್ಲಿ ಶುರುಮಾಡಿಸಿದ ಗಡಿಗೋಡೆಗೂ ಅದರ ಹಿಂದಿನ ಕಂದಕಕ್ಕೂ ಮಧ್ಯೆ. ಅದರ ಕಥೆಗೆ ಇನ್ನೊಂದು ಭಾಷಣವೇ ಬೇಕು, ಆಕಾಶವಾಣಿಯವರು ಕರೆದರೆ ಬರುತ್ತೇನೆ.

ಬ್ರಿಟನ್ನಿನಲ್ಲಿ ಮಕ್ಕಳಿರುವವರು ಹೋದಾಗ ಡಿನ್ ಲಿಗ್ವಿ ನೋಡಿ ಬನ್ನಿ. ಪ್ರವೇಶಕ್ಕೆ ದುಡ್ಡಿಲ್ಲ. ಮಳೆ ಬಂದಿದ್ದರೆ ಕಲ್ಲು ಜಾರುತ್ತದೆ, ಒಳ್ಳೆಯ ಬೂಟು ಹಾಕಿಕೊಳ್ಳಿ. ನಮಸ್ಕಾರ.