ಕಾಡಿನ ವ್ಯೂಪಾಯಿಂಟ್‌ಗೆ ಒಂದು ದಿನದ ಚಾರಣ: ಲೆಕ್ಕ ಸಂಜೆಯಿಂದ ಶುರುವಾಗಲಿ

[ದೃಶ್ಯ: ಮರಗಳ ನಡುವೆ ಕಾಲುದಾರಿ. ಎಲೆಗಳ ಸಂದಿಯಲ್ಲಿ ಚೂರು ಆಕಾಶ.]

ನಮಸ್ಕಾರ. ಕಾಡಿನೊಳಗೆ ನಡೆದು ಹೋಗಬೇಕು, ಒಂದು ಒಳ್ಳೆ ವ್ಯೂಪಾಯಿಂಟ್ ನೋಡಬೇಕು, ಕತ್ತಲಾಗುವ ಮುಂಚೆ ವಾಪಸ್ ಬರಬೇಕು. ಬೆಟ್ಟ ಹತ್ತಿ ಅಭ್ಯಾಸ ಇಲ್ಲದವರೂ ಹೋಗಿಬರಬಹುದಾದ ಚಾರಣ ಇದು. ಇದಕ್ಕೆ ಪ್ಲಾನ್ ಮಾಡುವಾಗ ಎಲ್ಲರೂ ಕೇಳುವ ಮೊದಲ ಪ್ರಶ್ನೆ, ಬೆಳಗ್ಗೆ ಎಷ್ಟಕ್ಕೆ ಹೊರಡೋಣ ಅಂತ. ನೀವು ಮೊದಲು ನೋಡಬೇಕಾದದ್ದು, ಅವತ್ತು ಸೂರ್ಯ ಮುಳುಗುವುದು ಎಷ್ಟಕ್ಕೆ ಅಂತ.

ಯಾಕೆ ಅಂತ ನನಗೆ ಅರ್ಥವಾದದ್ದು ಒಂದು ಸಂಜೆ. ತುದಿಯಲ್ಲಿ ಕೂತಿದ್ದೆವು, ಆಕಾಶ ಇನ್ನೂ ಬೆಳ್ಳಗಿತ್ತು. ಇನ್ನೊಂದು ಹತ್ತು ನಿಮಿಷ ಅಂತ ಕೂತೇ ಇದ್ದೆವು. ಇಳಿದು ಮರಗಳ ಕೆಳಗೆ ಬಂದರೆ ನೆಲವೇ ಕಾಣುತ್ತಿಲ್ಲ. ಬೇರು ಯಾವುದು, ನೆರಳು ಯಾವುದು ಗೊತ್ತಾಗುತ್ತಿಲ್ಲ. ಮೇಲೆ ಹಗಲು, ಕೆಳಗೆ ಆಗಲೇ ರಾತ್ರಿ. ಹತ್ತುವಾಗ ಹರಟುತ್ತಾ ಬಂದ ದಾರಿಯಲ್ಲಿ ಒಬ್ಬರ ಭುಜ ಒಬ್ಬರು ಹಿಡಿದುಕೊಂಡು ಇಳಿದೆವು.

ಅದಕ್ಕೇ ಹೇಳುತ್ತಿದ್ದೇನೆ, ದಟ್ಟ ಕಾಡಿನಲ್ಲಿ ಸೂರ್ಯಾಸ್ತದ ಸಮಯವನ್ನು ಹಾಗೇ ನಂಬಬೇಡಿ. ಅದಕ್ಕಿಂತ ಒಂದೂವರೆ ಗಂಟೆ ಮುಂಚೆಯೇ ಕಾಡಿನಿಂದ ಆಚೆ ಇರಿ. ಗೇಟ್ ಇರುವ ಕಾಡಾದರೆ ಅದು ಮುಚ್ಚುವ ಹೊತ್ತನ್ನೂ ನೋಡಿಕೊಳ್ಳಿ. ಅನುಮತಿ ಬೇಕಾ ಅನ್ನುವುದನ್ನೂ ಆಗಲೇ ವಿಚಾರಿಸಿ.

[ದೃಶ್ಯ: ಕಾಗದ, ಪೆನ್ಸಿಲ್. ಕೈ ಲೆಕ್ಕ ಬರೆಯುತ್ತಿದೆ.]

ಈಗ ಲೆಕ್ಕ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಒಂದು ಸೂತ್ರ ಕೊಟ್ಟರು. ಈಗಿನ ಅಳತೆಯಲ್ಲಿ ಹೇಳುವುದಾದರೆ, ಹೆಚ್ಚುಕಡಿಮೆ 5 ಕಿಲೋಮೀಟರ್ ನಡೆಯಲು ಒಂದು ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅಂದರೆ 100 ಮೀಟರ್ ಏರಿಗೆ 10 ನಿಮಿಷ. ಆದರೆ ಇದು ಚೆನ್ನಾಗಿ ನಡೆದು ಅಭ್ಯಾಸ ಇರುವವರು ಎಲ್ಲೂ ನಿಲ್ಲದೆ ಹೋದಾಗಿನ ಲೆಕ್ಕ. ಹೊಸಬರು, ಮಕ್ಕಳು ಇದ್ದರೆ ನಾನು ಗಂಟೆಗೆ 3 ಕಿಲೋಮೀಟರ್ ಅಂತಲೇ ಹಿಡಿಯುತ್ತೇನೆ.

ವ್ಯೂಪಾಯಿಂಟ್ 4 ಕಿಲೋಮೀಟರ್ ದೂರ, ಏರು 300 ಮೀಟರ್ ಅಂತಿಟ್ಟುಕೊಳ್ಳಿ. ನಡಿಗೆಗೆ 80 ನಿಮಿಷ, ಏರಿಗೆ 30. ಹತ್ತಲು ಒಟ್ಟು 110 ನಿಮಿಷ. ಇಳಿಯಲು 80. ದಾರಿಯಲ್ಲಿ ನೀರು ಕುಡಿಯಲು, ಉಸಿರು ತೆಗೆದುಕೊಳ್ಳಲು ಹೋಗುವಾಗ 15, ಬರುವಾಗ 15. ಮೇಲೆ ಒಂದು ಗಂಟೆ.

ಸೂರ್ಯ ಮುಳುಗುವುದು 6:15ಕ್ಕೆ ಅಂದುಕೊಳ್ಳಿ. 4:45ಕ್ಕೆ ಕೆಳಗಿರಬೇಕು. ಹಿಂದಕ್ಕೆ ಎಣಿಸಿದರೆ ಮೇಲಿಂದ 3:10ಕ್ಕೆ ಹೊರಡಲೇಬೇಕು. ಇದೇ ನಿಮ್ಮ ತಿರುಗುವ ಸಮಯ. 3 ಗಂಟೆ ಅಂತ ಫೋನಿನಲ್ಲಿ ಅಲಾರಂ ಇಟ್ಟುಬಿಡಿ. ಅಲಾರಂ ಹೊಡೆದಾಗ ವ್ಯೂಪಾಯಿಂಟ್ ಇನ್ನೂ ಅರ್ಧ ಕಿಲೋಮೀಟರ್ ದೂರ ಇದ್ದರೂ ತಿರುಗಬೇಕು. ಇಷ್ಟು ದೂರ ಬಂದು ನೋಡದೆ ಹೋಗುವುದಾ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಅದಕ್ಕೇ ಈ ಸಮಯವನ್ನು ಹಿಂದಿನ ದಿನವೇ ಎಲ್ಲರೂ ಸೇರಿ ಒಪ್ಪಿಕೊಂಡಿರಿ. ದಣಿದಾಗ ಮಾಡುವ ಚರ್ಚೆ ಅಲ್ಲ ಅದು.

ಹೊರಡುವುದಕ್ಕೆ ಕೊನೆಯ ಗಡುವು ಮಧ್ಯಾಹ್ನ 12 ಅಂತ ಲೆಕ್ಕ ಹೇಳುತ್ತದೆ. ನಾನಾದರೆ 8ಕ್ಕೇ ಹೊರಡುತ್ತೇನೆ. ಬಿಸಿಲು ಕಡಿಮೆ. ಬೇಸಿಗೆಯ ಗುಡುಗು ಮಳೆ ಬರುವುದೂ ಜಾಸ್ತಿ ಮಧ್ಯಾಹ್ನದ ಮೇಲೆಯೇ.

[ದೃಶ್ಯ: ನಕ್ಷೆಯ ಮೇಲೆ ಬೆರಳು ಚಲಿಸುತ್ತಿದೆ.]

ದಾರಿ ಆರಿಸುವಾಗ ಬರೀ ಕಿಲೋಮೀಟರ್ ನೋಡಬೇಡಿ. ನಕ್ಷೆಯಲ್ಲಿ ಬೆರಳಚ್ಚಿನ ಥರ ಸುತ್ತುಸುತ್ತು ಗೆರೆಗಳು ಇರುತ್ತವೆ ಅಲ್ವಾ, ಅವು ಕಾಂಟೂರ್ ಗೆರೆಗಳು. ಒಂದು ಗೆರೆಯುದ್ದಕ್ಕೂ ನೆಲದ ಎತ್ತರ ಒಂದೇ. ಗೆರೆಗಳು ಒತ್ತೊತ್ತಾಗಿದ್ದರೆ ಅಲ್ಲಿ ಕಡಿದಾದ ಏರು. ದೂರ ದೂರ ಇದ್ದರೆ ಸಲೀಸು. ನಿಮ್ಮ ದಾರಿ ಆ ಗೆರೆಗಳ ಪಕ್ಕದಲ್ಲೇ ಹರಿದರೆ ಆರಾಮ, ಅವನ್ನು ಅಡ್ಡಡ್ಡ ಕತ್ತರಿಸಿದರೆ ಮೊಣಕಾಲಿಗೆ ಕೆಲಸ. ಮೊದಲ ಸಲಕ್ಕೆ ಹೋದ ದಾರಿಯಲ್ಲೇ ವಾಪಸ್ ಬರುವಂಥದ್ದು ಒಳ್ಳೆಯದು. ಸುತ್ತು ಹಾಕಿಕೊಂಡು ಬರುವ ದಾರಿಯಲ್ಲಿ ಅರ್ಧ ದಾಟಿದ ಮೇಲೆ ಹಿಂದೆ ತಿರುಗಿದರೂ ಅಷ್ಟೇ ದೂರ.

ನಕ್ಷೆಯನ್ನು ಮನೆಯಲ್ಲೇ ಫೋನಿಗೆ ಡೌನ್‌ಲೋಡ್ ಮಾಡಿಕೊಳ್ಳಿ. ನೆಟ್‌ವರ್ಕ್ ಇಲ್ಲದಿದ್ದರೂ ಜಿಪಿಎಸ್ ಕೆಲಸ ಮಾಡುತ್ತದೆ. ಆದರೆ ಟವರ್ ಹುಡುಕಿ ಹುಡುಕಿ ಫೋನಿನ ಚಾರ್ಜ್ ಖಾಲಿಯಾಗುತ್ತದೆ, ಆದ್ದರಿಂದ ಏರೋಪ್ಲೇನ್ ಮೋಡ್ ಹಾಕಿಡಿ.

ದಾರಿ ಕವಲೊಡೆಯುವ ಕಡೆ ನಿಂತು, ಹಿಂದೆ ತಿರುಗಿ ಒಂದು ಸಲ ನೋಡಿ. ವಾಪಸ್ ಬರುವಾಗ ನಿಮ್ಮ ಕಣ್ಣಿಗೆ ಬೀಳುವುದು ಆ ಚಿತ್ರವೇ. ಹೋಗುವಾಗ ಎಡಗಡೆ ಇದ್ದ ಬಂಡೆ ಬರುವಾಗ ಬಲಗಡೆ, ಅದರ ಈ ಮುಖವನ್ನು ನೀವು ನೋಡೇ ಇರುವುದಿಲ್ಲ. ನಾನು ಫೋಟೋನೂ ತೆಗೆದುಕೊಳ್ಳುತ್ತೇನೆ.

[ದೃಶ್ಯ: ಬಿಚ್ಚಿಟ್ಟ ಬ್ಯಾಗ್.]

ಬ್ಯಾಗಿನ ವಿಷಯ ಬೇಗ ಮುಗಿಸುತ್ತೇನೆ. ನೀರು ಒಬ್ಬರಿಗೆ ಗಂಟೆಗೆ ಅರ್ಧ ಲೀಟರ್ ಲೆಕ್ಕದಲ್ಲಿ, ಅಂದರೆ ಈ ಚಾರಣಕ್ಕೆ ಎರಡೂವರೆ ಲೀಟರ್. ಸೆಕೆ ಇದ್ದರೆ ಇನ್ನೂ ಜಾಸ್ತಿ. ತಿನ್ನಲು ಏನಾದರೂ. ಫೋನಲ್ಲದ ಒಂದು ಟಾರ್ಚ್. ಒಂದು ಸೀಟಿ: ನಿಮಿಷದಲ್ಲಿ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು ಸಲ ಊದುವುದು ಬೆಟ್ಟಗಳಲ್ಲಿ ಸಹಾಯ ಕೇಳುವ ಸಂಕೇತ. ಮತ್ತೊಂದು ತೆಳು ಜಾಕೆಟ್. 300 ಮೀಟರ್ ಮೇಲೆ ಹೋದರೆ ಸಾಮಾನ್ಯವಾಗಿ ಚಳಿ ಹೆಚ್ಚುವುದು ಎರಡು ಡಿಗ್ರಿಯಷ್ಟೇ. ಆದರೆ ಬೆವರಿ ಒದ್ದೆಯಾದ ಬಟ್ಟೆಗೆ ತುದಿಯ ಗಾಳಿ ಬಡಿದರೆ ಮೈ ನಡುಗುತ್ತದೆ. ಹತ್ತಿ ಬಟ್ಟೆಯಂತೂ ಬೇಗ ಒಣಗುವುದೇ ಇಲ್ಲ.

[ದೃಶ್ಯ: ಹತ್ತಿರದಿಂದ ಶೂ, ಲೇಸ್ ಬಿಗಿಯುವ ಕೈಗಳು.]

ಶೂ ಹೊಸದು ಬೇಡ, ಕಾಲಿಗೆ ಒಗ್ಗಿದ್ದಿರಲಿ. ಹಿಮ್ಮಡಿ ಬಿಸಿಯಾದಂತೆ ಅನಿಸಿದ ಕೂಡಲೇ ನಿಂತು ಟೇಪ್ ಹಚ್ಚಿ. ಬೊಬ್ಬೆ ಎದ್ದ ಮೇಲೆ ಹಚ್ಚಿದರೆ ಸುಮ್ನೆ ಸಮಾಧಾನಕ್ಕೆ ಅಷ್ಟೇ. ಇನ್ನೊಂದು ಕೆಲಸ ಬಹಳ ಜನ ಮಾಡುವುದೇ ಇಲ್ಲ. ಇಳಿಯುವ ಮುಂಚೆ ಕೂತು ಲೇಸ್ ಬಿಚ್ಚಿ. ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಶೂವಿನ ಹಿಂಬದಿಗೆ ಕೂರಿಸಿ. ಪಾದದ ಗಂಟಿನ ಹತ್ತಿರ ಬಿಗಿಯಾಗಿ ಕಟ್ಟಿ. ಈಗ ಇಳಿಜಾರಿನಲ್ಲಿ ಬೆರಳುಗಳು ಮುಂದೆ ಜಾರಿ ಶೂಗೆ ಬಡಿಯುವುದಿಲ್ಲ, ಉಗುರು ಉಳಿಯುತ್ತದೆ.

[ದೃಶ್ಯ: ವ್ಯೂಪಾಯಿಂಟ್. ಚಾಚಿದ ಕೈ, ನಾಲ್ಕು ಬೆರಳು ಅಡ್ಡ.]

ಮೇಲೆ ತಲುಪಿದ ಮೇಲೆ ಬೆರಳಿನಿಂದ ಹಗಲು ಅಳೆಯಬಹುದು. ಕೈ ಪೂರ್ತಿ ಚಾಚಿ, ಬೆರಳುಗಳನ್ನು ಅಡ್ಡ ಹಿಡಿಯಿರಿ. ಸೂರ್ಯನ ಕೆಳಗಿನ ಅಂಚಿಗೂ ಎದುರಿನ ಬೆಟ್ಟದ ಸಾಲಿಗೂ ನಡುವೆ ಎಷ್ಟು ಬೆರಳು ಹಿಡಿಸುತ್ತದೆ ನೋಡಿ. ಒಂದು ಬೆರಳಿಗೆ ಸುಮಾರು 15 ನಿಮಿಷ. ಸೂರ್ಯನನ್ನೇ ದಿಟ್ಟಿಸಬೇಡಿ, ಬೆರಳಿನಿಂದ ಮರೆಮಾಡಿಕೊಳ್ಳಿ. ಪಶ್ಚಿಮಕ್ಕೆ ಎತ್ತರದ ಬೆಟ್ಟ ಇದ್ದರೆ ಬೆಳಕು ಇನ್ನೂ ಬೇಗ ಹೋಗುತ್ತದೆ.

ಫೋಟೋ ತೆಗೆಯುವಾಗ ಸ್ಕ್ರೀನ್ ನೋಡುತ್ತಾ ಹಿಂದೆ ಹೆಜ್ಜೆ ಇಡಬೇಡಿ, ದಯವಿಟ್ಟು. ನಿಂತು ತೆಗೆಯಿರಿ. ಜಾಗ ಬದಲಿಸಬೇಕಾದರೆ ಫೋನ್ ಇಳಿಸಿ, ನೋಡಿ ನಡೆಯಿರಿ. ಗುಡುಗು ಕೇಳಿಸಿದರೆ ಅಲಾರಂಗೆ ಕಾಯಬೇಡಿ. ಬಯಲಾದ ತುದಿಯಿಂದ ಆ ಕ್ಷಣವೇ ಇಳಿಯಲು ಶುರು ಮಾಡಿ.

ಮತ್ತೆ, ಹೊರಡುವ ಮುಂಚೆ ಮನೆಯಲ್ಲಿ ಉಳಿದ ಒಬ್ಬರಿಗೆ ಮೆಸೇಜ್ ಹಾಕಿ. ಯಾವ ದಾರಿ, ಎಷ್ಟು ಜನ, 4:45ಕ್ಕೆ ಕೆಳಗಿರುತ್ತೇವೆ, 7 ಆದರೂ ಸುದ್ದಿ ಇಲ್ಲದಿದ್ದರೆ ಸಹಾಯಕ್ಕೆ ಫೋನ್ ಮಾಡಿ. ಇಷ್ಟು ಸಾಕು. ಕೆಳಗೆ ಬಂದ ಮೇಲೆ ಏರೋಪ್ಲೇನ್ ಮೋಡ್ ತೆಗೆದು, ಶೂ ಬಿಚ್ಚುವ ಮುಂಚೆ ಅವರಿಗೆ ಇನ್ನೊಂದು ಮೆಸೇಜ್ ಹಾಕಿ: ಇಳಿದೆವು.

[ದೃಶ್ಯ: ಸಂಜೆ ಬೆಳಕಿನಲ್ಲಿ ಕಾಡಿನ ಅಂಚು, ಹೊರಬರುತ್ತಿರುವ ಜನ.]