ಅವಸರವಿಲ್ಲದ ಮಾತ್ರೆ

ಕೇಳುಗರೇ, ನಮಸ್ಕಾರ.

ಬಿಸಿನೀರಿಗೆ ಒಮ್ಮೆಲೇ ಹಿಟ್ಟು ಸುರಿದರೆ ಗಂಟು ಕಟ್ಟುತ್ತದೆ, ಅಲ್ವಾ? ಆ ಗಂಟನ್ನು ಒಡೆದು ನೋಡಿ. ಹೊರಗೆಲ್ಲ ಅಂಟು, ಒಳಗೆ ಒಣ ಹಿಟ್ಟು. ಮೇಲಿನ ಅಂಟೇ ನೀರನ್ನು ಒಳಗೆ ಬಿಡುತ್ತಿಲ್ಲ. ಅಡುಗೆಯಲ್ಲಿ ಇದು ತಲೆನೋವು. ಔಷಧ ತಯಾರಿಸುವವರು ಮಾತ್ರ ಇಂಥ ಗಂಟನ್ನು ಬೇಕೆಂದೇ ಕಟ್ಟುತ್ತಾರೆ.

ಕೆಲವು ಮಾತ್ರೆಗಳ ಹೆಸರಿನ ಕೊನೆಯಲ್ಲಿ ಎಸ್‌ಆರ್, ಇಆರ್, ಎಕ್ಸ್‌ಆರ್ ಎಂದಿರುತ್ತದೆ. ಇವು ಔಷಧವನ್ನು ಗಂಟೆಗಟ್ಟಲೆ ಸ್ವಲ್ಪಸ್ವಲ್ಪವೇ ಬಿಡುವ ಮಾತ್ರೆಗಳು. ಇಂಥ ಎಷ್ಟೋ ಮಾತ್ರೆಗಳಲ್ಲಿ ಔಷಧದ ಜೊತೆ ಎಚ್‌ಪಿಎಂಸಿ ಎಂಬ ಪಾಲಿಮರ್ ಪುಡಿ, ಅಂದರೆ ಉದ್ದುದ್ದ ಎಳೆಯಂಥ ಅಣುಗಳ ಪುಡಿ, ಬೆರೆತಿರುತ್ತದೆ. ಮರದ ತಿರುಳಿನಲ್ಲೋ ಹತ್ತಿಯಲ್ಲೋ ಇರುವ ಸೆಲ್ಯುಲೋಸನ್ನು ಸ್ವಲ್ಪ ಮಾರ್ಪಡಿಸಿ ಇದನ್ನು ಮಾಡುತ್ತಾರೆ.

ಅಂಥ ಒಂದು ಮಾತ್ರೆಯನ್ನು ಲೋಟದ ನೀರಿಗೆ ಹಾಕಿದರೆ ಅದು ಪುಡಿಯಾಗುವುದಿಲ್ಲ. ಕೆಲವೇ ನಿಮಿಷದಲ್ಲಿ ಅಂಚು ಮಬ್ಬಾಗಿ, ಮುಟ್ಟಿದರೆ ಜಾರುತ್ತದೆ. ಆಮೇಲೆ ಇಡೀ ಮಾತ್ರೆ ಊದಿಕೊಳ್ಳುತ್ತದೆ. ಪಾಲಿಮರ್‌ನ ಉದ್ದುದ್ದ ಎಳೆಗಳು ನೀರು ಕುಡಿದು, ಬಿಚ್ಚಿಕೊಂಡು, ಒಂದಕ್ಕೊಂದು ಸಿಕ್ಕು ಹಾಕಿಕೊಂಡು ಲೋಳೆಯ ಪದರವಾಗುತ್ತವೆ. ನೀರಲ್ಲಿ ಸುಲಭವಾಗಿ ಕರಗುವ ಔಷಧ ಆ ಸಿಕ್ಕಿನೊಳಗೆ ನುಸುಳಿಕೊಂಡು ಹೊರಬರುತ್ತದೆ. ಕರಗಲು ಒಲ್ಲದ ಔಷಧ ಲೋಳೆಯೇ ಸವೆದು ಹೋಗುವವರೆಗೆ ಕಾಯಬೇಕು. ಎಳೆ ಉದ್ದವಾದಷ್ಟೂ ಲೋಳೆ ಗಟ್ಟಿ, ಔಷಧ ಇನ್ನೂ ನಿಧಾನ.

ನಿಧಾನ ಅಂದರೆ ಗಂಟೆಗೆ ಇಷ್ಟೇ ಎಂದು ಅಳೆದು ಕೊಡುತ್ತದೆ ಅಂದುಕೊಳ್ಳಬೇಡಿ. ಟಕೇರು ಹಿಗುಚಿ ಎಂಬ ವಿಜ್ಞಾನಿ 1961ರಲ್ಲಿ ಒಂದು ಲೆಕ್ಕ ಬರೆದರು. ಅದು ಮುಲಾಮಿಗಾಗಿ ಮಾಡಿದ್ದು, ಆಮೇಲೆ ಮಾತ್ರೆಗಳಿಗೂ ಬಂತು. ಅದರ ಪ್ರಕಾರ 1 ಗಂಟೆಯಲ್ಲಿ ಬಂದ ಔಷಧದ ಎರಡರಷ್ಟು ಬರಲು 4 ಗಂಟೆ ಬೇಕು, ಮೂರರಷ್ಟಕ್ಕೆ 9 ಗಂಟೆ. ಹೊತ್ತು ಹೋದಂತೆ ಔಷಧ ಇನ್ನೂ ಒಳಗಿನಿಂದ ನಡೆದು ಬರಬೇಕು, ಅಷ್ಟೇ. ನಿಜವಾದ ಮಾತ್ರೆ ಈ ಲೆಕ್ಕಕ್ಕೆ ಸರಿಯಾಗಿ ಕೂರುವುದು ಕಡಿಮೆ. ಆದರೂ ಮೊದಮೊದಲು ಜಾಸ್ತಿ, ಆಮೇಲೆ ಕಡಿಮೆ ಎಂಬ ಗುಣ ಅದರಲ್ಲಿ ಕಾಣುತ್ತದೆ.

ಸಮನಾಗಿಯೇ ಬರಬೇಕಾದರೆ ಬೇರೆ ದಾರಿ ಇದೆ. ಮಾತ್ರೆಗೆ ಸೆಲ್ಯುಲೋಸ್ ಅಸಿಟೇಟ್‌ನ ಅಂಗಿ ತೊಡಿಸಿ, ಲೇಸರ್‌ನಿಂದ ಸಣ್ಣ ತೂತು ಕೊರೆಯುತ್ತಾರೆ. ಅಂಗಿಯ ಮೂಲಕ ನೀರು ಒಳಗೆ ಹೋಗುತ್ತದೆ, ಒಳಗಿನ ಒತ್ತಡ ಔಷಧವನ್ನು ತೂತಿನಿಂದ ಹೊರಗೆ ನೂಕುತ್ತದೆ. ಕೊನೆಗೆ ಖಾಲಿ ಅಂಗಿ ಮಲದಲ್ಲಿ ಹಾಗೇ ಹೊರಬರುತ್ತದೆ. ಮಾತ್ರೆ ಕರಗಲೇ ಇಲ್ಲ ಎಂದು ಎಷ್ಟೋ ಜನ ಗಾಬರಿಯಾಗುತ್ತಾರೆ, ಪಾಪ. ಔಷಧ ಆಗಲೇ ಮೈ ಸೇರಿರುತ್ತದೆ.

ಗಾಬರಿಯಾಗಬೇಕಾದ್ದು ಬೇರೆ ಕಡೆ. ನುಂಗಲು ಕಷ್ಟ ಎಂದು ಇಂಥ ಮಾತ್ರೆಯನ್ನು ಕುಟ್ಟಿದರೆ ಲೋಳೆಗೂ ಅಂಗಿಗೂ ಕೆಲಸವೇ ಉಳಿಯುವುದಿಲ್ಲ. ದಿನವಿಡೀ ಬರಬೇಕಾದ ಔಷಧ ಒಮ್ಮೆಲೇ ರಕ್ತಕ್ಕೆ ನುಗ್ಗುತ್ತದೆ. ಮಧ್ಯೆ ಗೀರು ಇರುವ ಕೆಲವನ್ನು ಎರಡು ಹೋಳು ಮಾಡಬಹುದು. ಅಂಥ ಕೆಲವುಗಳ ಒಳಗೆ ಸಣ್ಣ ಗುಳಿಗೆಗಳಿದ್ದು, ಒಂದೊಂದಕ್ಕೂ ತನ್ನದೇ ಹೊದಿಕೆ ಇರುತ್ತದೆ. ನಿಮ್ಮದು ಅಂಥದ್ದೇ ಅಲ್ಲವೇ ಎಂದು ಔಷಧ ಕೊಡುವವರನ್ನೇ ಕೇಳಿ. ಜಗಿಯುವುದು, ಕುಟ್ಟುವುದು ಮಾತ್ರ ಅವಕ್ಕೂ ಬೇಡ.

ನಮಸ್ಕಾರ.