ಮುಚ್ಚದ ಬಾಗಿಲಿಗೆ ಯಾರನ್ನು ಕರೆಯಬೇಕು?

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮ ಹಾಯಿದೋಣಿಯ ಪುಟ್ಟ ಬಚ್ಚಲುಕೋಣೆಯ ಬಾಗಿಲು ಒಂದು ದಿನ ಮುಚ್ಚಲಿಲ್ಲ. ನಾನು ಅದನ್ನು ದೊಡ್ಡದು ಮಾಡಲಿಲ್ಲ. ಹುಟ್ಟಿ ಬೆಳೆದದ್ದು ಕುಂದಾಪುರದ ಕಡೆ. ಆಸಾಡಿ ಮಳೆ ಹಿಡಿಯಿತೆಂದರೆ ಮನೆಯ ಅರ್ಧ ಬಾಗಿಲುಗಳು ದಾರಂದಕ್ಕೆ ಕಚ್ಚಿಕೊಳ್ಳುತ್ತಿದ್ದವು. “ಮರ ಉಬ್ಬಿತ್, ಮಳಿ ಬಿಟ್ರೆ ಸಮ ಆತ್ತ್” ಎನ್ನುತ್ತಿದ್ದರು ಅಮ್ಮ. ಈಗ ನಾವಿರುವುದು ಅಮೆರಿಕದ ಮೇರಿಲ್ಯಾಂಡ್‌ನಲ್ಲಿ, ಅನಾಪೊಲಿಸ್ ಊರಿನ ಹತ್ತಿರ. ದೋಣಿ ಚೆಸಪೀಕ್ ಕೊಲ್ಲಿಯಲ್ಲಿ ನಿಲ್ಲುತ್ತದೆ. ಮೂವತ್ತು ಅಡಿ ಉದ್ದ, 1978ರಲ್ಲಿ ಕಟ್ಟಿದ್ದು, ಫೈಬರ್‌ಗ್ಲಾಸಿನದು. ಇಲ್ಲೂ ಮರ ಉಬ್ಬಿರಬೇಕು ಅಂದುಕೊಂಡೆ.

ಆದರೆ ಚಳಿಗಾಲದ ಒಣಹವೆಯಲ್ಲೂ ಬಾಗಿಲು ಮುಚ್ಚಲಿಲ್ಲ. ಹಾಯಿಕಂಬವನ್ನು ಎರಡು ಬದಿಗೂ ಎಳೆದು ಹಿಡಿದಿರುವ ಉಕ್ಕಿನ ಹಗ್ಗಗಳು ಎಷ್ಟು ಬಿಗಿದರೂ ವಾರದಲ್ಲಿ ಮತ್ತೆ ಸಡಿಲ. ಕಂಬದ ಬುಡದಲ್ಲಿ ಡೆಕ್, ಅಂದರೆ ನಾವು ಓಡಾಡುವ ದೋಣಿಯ ಮೇಲ್ತಟ್ಟು, ಸ್ವಲ್ಪ ತಗ್ಗಾದಂತೆ ಕಂಡಿತು. ಉದ್ದನೆಯ ಸ್ಕೇಲ್ ಇಟ್ಟು ನೋಡಿದಾಗ ಸಂಶಯ ಉಳಿಯಲಿಲ್ಲ. ನಮ್ಮ ದೋಣಿಯಲ್ಲಿ ಕಂಬ ಡೆಕ್ ಮೇಲೆ ನಿಂತಿದೆ. ಹಗ್ಗಗಳು ಅದನ್ನು ಹಲವು ಟನ್ ಬಲದಿಂದ ಕೆಳಗೆ ಒತ್ತುತ್ತವೆ. ಆ ಭಾರವನ್ನು ಹೊರುವುದು ಡೆಕ್ಕಿನ ಕೆಳಗೆ, ಕೋಣೆಯೊಳಗೆ ನಿಂತ ಇನ್ನೊಂದು ಕಂಬ ಮತ್ತು ಅದರ ಪಕ್ಕದ ಅಡ್ಡಗೋಡೆ. ಆ ಗೋಡೆಯಲ್ಲೇ ಇದೆ ನಮ್ಮ ಬಾಗಿಲು. ಅಂದರೆ ಒಳಗೆ ಏನೋ ಕುಸಿಯುತ್ತಿತ್ತು.

ಈಗ ಯಾರನ್ನು ಕರೆಯುವುದು?

ಮೊದಲು ಕರೆದದ್ದು ಹತ್ತಿರದ ಒಂದು ಬೋಟ್ ಯಾರ್ಡಿನವರನ್ನು, ಅಂದರೆ ದೋಣಿ ದುರಸ್ತಿ ಮಾಡುವವರನ್ನು. ಬಂದವರು ಡೆಕ್ ಮೇಲೆ ನಾಲ್ಕು ಹೆಜ್ಜೆ ನಡೆದು, ಡೆಕ್ಕಿನೊಳಗಿನ ಮರ ಕೊಳೆತಿದೆ, ಕತ್ತರಿಸಿ ಹೊಸದು ಹಾಕಬೇಕು ಎಂದು ಅಂದಾಜುಪಟ್ಟಿ ಕೊಟ್ಟರು. ಕೆಳಗಿಳಿದು ನೋಡಲೇ ಇಲ್ಲ. ಅವರ ಮಾತು ಅಸಾಧ್ಯವೇನಲ್ಲ. ಆ ಕಾಲದ ದೋಣಿಗಳ ಡೆಕ್ ಎರಡು ಫೈಬರ್‌ಗ್ಲಾಸ್ ಪದರ, ನಡುವೆ ಬಾಲ್ಸಾ ಎಂಬ ಹಗುರ ಮರ. ಸ್ಕ್ರೂ ತೂತಿನಿಂದ ನೀರಿಳಿದರೆ ಅದು ಕೊಳೆಯುತ್ತದೆ. ಆದರೆ ಡೆಕ್ ದುರಸ್ತಿ ಮಾಡುವವರಿಗೆ ಕಾಣುವ ರೋಗ ಡೆಕ್ಕಿನದೇ. ಅವರ ಪ್ರಾಮಾಣಿಕತೆಯನ್ನು ನಾನು ಶಂಕಿಸುವುದಿಲ್ಲ. ರೋಗ ಹುಡುಕುವವರೂ ಔಷಧಿ ಮಾರುವವರೂ ಒಬ್ಬರೇ ಆಗಬಾರದು, ನನ್ನ ಆಗ್ರಹ ಇಷ್ಟೇ.

ಆಮೇಲೆ ಒಬ್ಬ ರಿಗರ್ ಬಂದರು. ರಿಗರ್ ಎಂದರೆ ಕಂಬ, ಹಗ್ಗ, ಅವುಗಳ ಬಿಗಿತ ನೋಡುವವರು. ಹಗ್ಗಗಳಿಗೆ ಏನೂ ಆಗಿಲ್ಲ, ಸಡಿಲವಾಗಲು ಕಾರಣ ಕೆಳಗಿದೆ, ಅದು ತನ್ನ ಕೆಲಸವಲ್ಲ ಎಂದರು. ತನ್ನ ಗಡಿ ಎಲ್ಲಿ ಮುಗಿಯುತ್ತದೆ ಎಂದು ಬಾಯಿಬಿಟ್ಟು ಹೇಳಿದವರ ಮೇಲೆ ನನಗೆ ಅಂದೇ ನಂಬಿಕೆ ಬಂತು. ಮುಂದೆ ಕಂಬ ಇಳಿಸಿದ್ದು ಅವರೇ.

ಮನೆಯಲ್ಲಿ ಸರ್ವೇಯರ್, ಅಂದರೆ ದೋಣಿಯನ್ನು ಪರೀಕ್ಷಿಸಿ ವರದಿ ಬರೆಯುವವರು, ಅಂಥ ಒಬ್ಬರ ವರದಿಯೂ ಇತ್ತು. ಹಳೆಯ ದೋಣಿಗೆ ವಿಮೆ ಕೊಡುವಾಗ ಕಂಪನಿಗಳು ಸಾಮಾನ್ಯವಾಗಿ ಇಂಥ ವರದಿ ಕೇಳುತ್ತವೆ. “ಸ್ಥಿತಿ ಉತ್ತಮ” ಎಂದಿತ್ತು. ಕೊನೆಯ ಪುಟದಲ್ಲಿ ಸಣ್ಣಕ್ಷರದಲ್ಲಿ, ಕಂಬದ ಕೆಳಗಿನ ಭಾಗ ನೋಡಲು ಸಿಗಲಿಲ್ಲ ಎಂದೂ ಇತ್ತು. ಇದನ್ನು ಒತ್ತಿ ಹೇಳಬೇಕು: ವಿಮೆಯ ಸರ್ವೆ ದೋಣಿಯ ಬೆಲೆ ಮತ್ತು ಸಾಮಾನ್ಯ ಸ್ಥಿತಿ ಹೇಳುವಂಥದ್ದು. ಅದರಲ್ಲಿ ಏನನ್ನೂ ಬಿಚ್ಚುವುದಿಲ್ಲ, ಕೊರೆಯುವುದಿಲ್ಲ. ನಾವೋ, “ನೋಡಲಿಲ್ಲ” ಎಂದು ಬರೆದದ್ದನ್ನು “ಸರಿಯಿದೆ” ಎಂದು ಓದಿಕೊಂಡಿದ್ದೆವು.

ಹೀಗೆ ಓದಿಕೊಳ್ಳುವುದರಲ್ಲಿ ಎಂಥ ಅಪಾಯವಿದೆ ಎಂದು ಯೋಚಿಸುವಾಗ ನನಗೆ ಚೀಕಿ ರಫೀಕಿ ನೆನಪಾಗುತ್ತದೆ. 2014ರ ಮೇ ತಿಂಗಳಲ್ಲಿ ಆಂಟಿಗಾದಿಂದ ಇಂಗ್ಲೆಂಡಿನ ಸೌತಾಂಪ್ಟನ್‌ಗೆ ಮರಳುತ್ತಿದ್ದ ಆ ಹಾಯಿದೋಣಿಯ ಕೀಲ್, ಅಂದರೆ ತಳದ ಭಾರದ ರೆಕ್ಕೆ, ಅಟ್ಲಾಂಟಿಕ್ ನಡುವೆ ಕಳಚಿತು. ದೋಣಿಯಲ್ಲಿದ್ದ ನಾಲ್ವರೂ ತೀರಿಕೊಂಡರು. ಹಿಂದೆ ದೋಣಿ ನೆಲಕ್ಕೆ ತಾಗಿದ್ದು, ಆಮೇಲೆ ಆದ ದುರಸ್ತಿಗಳು, ಇವೆಲ್ಲ ಸೇರಿ ಕೀಲ್ ಕೂತ ಜಾಗ ದುರ್ಬಲವಾಗಿರಬಹುದು ಎಂದಿತು ಬ್ರಿಟನ್ನಿನ ತನಿಖಾ ವರದಿ. ಆ ಬಗೆಯ ದೋಣಿಗಳಲ್ಲಿ ಒಳಚೌಕಟ್ಟು ಅಂಟು ಬಿಟ್ಟರೆ ಕಣ್ಣಿಗೆ ಸುಲಭವಾಗಿ ಕಾಣುವುದಿಲ್ಲ. ಅದನ್ನು ಓದಿದ ಮೇಲೆ, ಕಾಣದ ಜಾಗಕ್ಕೆ ಕೈ ಹಾಕುವವರನ್ನೇ ಹುಡುಕಬೇಕು ಎಂದು ಹಟ ಹಿಡಿದೆ.

ಅಮೆರಿಕದಲ್ಲಿ ದೋಣಿ ಸರ್ವೇಯರ್ ಆಗಲು ಸರ್ಕಾರದ ಲೈಸೆನ್ಸ್ ಬೇಕಿಲ್ಲ. ಯಾರು ಬೇಕಾದರೂ ಬೋರ್ಡು ಹಾಕಬಹುದು. ಸರ್ವೇಯರುಗಳ ಸಂಘಗಳಿವೆ, ಅಲ್ಲಿ ಪರೀಕ್ಷೆ, ಅನುಭವ ಕೇಳಿಯೇ ಮಾನ್ಯತೆ ಕೊಡುತ್ತಾರೆ, ಅದನ್ನು ನೋಡಲೇಬೇಕು. ಆದರೂ ಮಾನ್ಯತೆಯಷ್ಟೇ ಸಾಲದು. ನಾನು ಫೋನಿನಲ್ಲಿ ಕೇಳಿದ್ದು ಬೇರೆ: ಇಷ್ಟೇ ಹಳೆಯ, ಇದೇ ರೀತಿ ಕಟ್ಟಿದ ದೋಣಿಯಲ್ಲಿ ಕಂಬದ ಕೆಳಭಾಗ ಬಿಚ್ಚಿ ನೋಡಿದ್ದೀರಾ? ಈ ಸುತ್ತಿನ ಯಾವುದಾದರೂ ಯಾರ್ಡಿನಿಂದ ನಿಮಗೆ ಹಣ ಬರುತ್ತದೆಯೇ? ನೀವು ಏನನ್ನು ನೋಡುವುದಿಲ್ಲ? ಮೂರನೆಯ ಪ್ರಶ್ನೆಗೆ ಒಬ್ಬರು ಬೇಸರಿಸಿಕೊಂಡರು. ಇನ್ನೊಬ್ಬರು ಹತ್ತು ನಿಮಿಷ ವಿವರಿಸಿದರು. ಅವರನ್ನೇ ಕರೆದೆವು.

ಅವರು ಪ್ಲಾಸ್ಟಿಕ್ ಸುತ್ತಿಗೆಯಿಂದ ಡೆಕ್ ಕುಟ್ಟುತ್ತ ಹೋದದ್ದು ನೋಡಿ ನನಗೆ ಊರಿನ ಹಲಸಿನಕಾಯಿ ನೆನಪಾಯಿತು. ಗಟ್ಟಿ ಸದ್ದು, ಟೊಳ್ಳು ಸದ್ದು, ಕಿವಿಯೇ ಹೇಳುತ್ತದೆ. ತೇವ ಅಳೆಯುವ ಮೀಟರೂ ಇತ್ತು, ಆದರೆ ಹತ್ತಿರ ಲೋಹವಿದ್ದರೆ ಅದು ತಪ್ಪು ಹೇಳುತ್ತದೆ ಎಂದು ಅದನ್ನೊಂದನ್ನೇ ಅವರು ನಂಬಲಿಲ್ಲ. ಡೆಕ್ ಬಹುಪಾಲು ಗಟ್ಟಿಯಾಗಿತ್ತು. ಕೊನೆಗೆ ನೆಲಹಲಗೆ ಎತ್ತಿ, ಒಳಕಂಬದ ಬುಡಕ್ಕೆ ಸ್ಕ್ರೂಡ್ರೈವರ್ ಚುಚ್ಚಿದರು. ಅದು ಕೊಳೆತ ಬಾಳೆದಿಂಡಿಗೆ ಇಳಿದಂತೆ ಇಳಿಯಿತು. ಕಂಬ ಕೂತಿದ್ದ ಮರದ ದಿಮ್ಮಿ ತಳದ ನೀರಿನಲ್ಲಿ ವರ್ಷಗಟ್ಟಲೆ ನೆನೆದು ಹಿಟ್ಟಾಗಿತ್ತು. ಕಂಬದ ಜೊತೆ ಡೆಕ್ ಇಳಿದಿತ್ತು, ಡೆಕ್ಕಿನ ಜೊತೆ ಬಾಗಿಲ ಚೌಕಟ್ಟು.

ದಿಮ್ಮಿಯ ಜಾಗಕ್ಕೆ ಘನ ಫೈಬರ್‌ಗ್ಲಾಸಿನ ತುಂಡು ಕೂರಿಸಿದರಾಯಿತು. ಡೆಕ್ ಕತ್ತರಿಸಬೇಕಾಗಲಿಲ್ಲ. ನೌಕಾ ವಿನ್ಯಾಸಕರನ್ನು ಕರೆಯೋಣವೇ ಎಂದು ಗಂಡ ಕೇಳಿದರು. ಇದ್ದದ್ದನ್ನು ಇದ್ದಂತೆ ಮರಳಿ ಕಟ್ಟುವುದಕ್ಕೆ ಅವರು ಬೇಡ. ಕಂಬವನ್ನು ಸರಿಸುವುದಾದರೆ, ಅಡ್ಡಗೋಡೆಯಲ್ಲಿ ಹೊಸ ದಾರಿ ಕೊರೆಯುವುದಾದರೆ, ಭಾರ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಲೆಕ್ಕ ಹಾಕಬೇಕು. ಆ ಲೆಕ್ಕ ಅವರದೇ, ಅಲ್ಲಿ ಜಿಪುಣತನ ಮಾಡಬಾರದು.

ಈಗ ಇನ್ನೊಂದು ಕೆಲಸ ಉಳಿದಿದೆ. ಬದಿಯ ಹಗ್ಗಗಳನ್ನು ದೋಣಿಗೆ ಕಚ್ಚಿಸುವ ಸ್ಟೀಲ್ ಪಟ್ಟಿಗಳು ಡೆಕ್ಕಿನೊಳಗೆ ಹಾಯುವಲ್ಲಿ ತುಕ್ಕಿನ ಗೆರೆ ಕಂಡಿದೆ. ಗಾಳಿಯಾಡದ ಒದ್ದೆ ಸಂದಿನಲ್ಲಿ ಸ್ಟೇನ್‌ಲೆಸ್ ಸ್ಟೀಲೂ ಒಳಗೊಳಗೇ ತಿನ್ನಿಸಿಕೊಳ್ಳುತ್ತದೆ. ಪಟ್ಟಿಯನ್ನು ಪೂರ್ತಿ ಹೊರಗೆಳೆಯದೆ ಯಾರೂ ಏನೂ ಹೇಳಲಾರರು. ಅದಕ್ಕೇ ಈ ಸಲ ಮೊದಲ ಫೋನ್ ಮಾಡಿದ್ದು ಸರ್ವೇಯರಿಗಲ್ಲ, ಅದೇ ರಿಗರಿಗೆ. ಏಪ್ರಿಲ್‌ನಲ್ಲಿ ಬರುತ್ತೇನೆ ಎಂದಿದ್ದಾರೆ. ಅಲ್ಲಿಯವರೆಗೆ ಹಾಯಿ ಎತ್ತುವುದಿಲ್ಲ.

ನಮಸ್ಕಾರ.